ಸ್ಯಾಚುರೇಷನ್ 98 ಇದ್ದರೆ ಸಾಕೇ?

ಕೋವಿಡ್ ಬಂದುಹೋದ ಮೇಲೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಎಷ್ಟೋ ಮನೆಗಳಲ್ಲಿ ಉಳಿದುಕೊಂಡಿದೆ. ಜೊತೆಗೆ ಒಂದು ತಪ್ಪು ನಂಬಿಕೆಯೂ ಉಳಿದಿದೆ: 98 ತೋರಿಸಿದರೆ ಚಿಂತೆಯಿಲ್ಲ! ಕ್ಯಾಶುವಾಲ್ಟಿಯಲ್ಲಿ ರೋಗಿಯ ಶ್ವಾಸನಾಳಕ್ಕೆ ಟ್ಯೂಬ್ ಹಾಕುವ ಹೊತ್ತಿನಲ್ಲಿ ಇದನ್ನು ನಂಬಿ ಕೂತರೆ ಜೀವಕ್ಕೇ ಕುತ್ತು. ಅನುಭವವಿರುವ ನರ್ಸ್ ನಂಬುವುದಿಲ್ಲ.

ಆ ಅಂಕಿ ಹೇಳುವುದು ರಕ್ತದ ಹಿಮೋಗ್ಲೋಬಿನ್‌ನಲ್ಲಿ ಆಕ್ಸಿಜನ್ ಎಷ್ಟು ತುಂಬಿದೆ ಎಂಬುದನ್ನು. ಶ್ವಾಸಕೋಶದಲ್ಲಿ ದಾಸ್ತಾನು ಎಷ್ಟಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಮನೆಯ ಮೇಲಿನ ಟ್ಯಾಂಕ್ ಮುಕ್ಕಾಲು ಖಾಲಿಯಾದರೂ ಕೆಳಗಿನ ನಲ್ಲಿಯಲ್ಲಿ ನೀರು ಸಲೀಸಾಗಿ ಬರುತ್ತಿರುತ್ತದೆ. ನಿಂತಾಗ ಒಮ್ಮೆಲೇ ನಿಲ್ಲುತ್ತದೆ. ಇಲ್ಲೂ ಹಾಗೆಯೇ. ಉಸಿರು ಬಿಟ್ಟ ಮೇಲೂ ವಯಸ್ಕರ ಶ್ವಾಸಕೋಶದಲ್ಲಿ ಸುಮಾರು ಎರಡೂವರೆ ಲೀಟರ್ ಗಾಳಿ ಉಳಿದಿರುತ್ತದೆ. ಅದರಲ್ಲಿ ಬಹುಪಾಲು ನೈಟ್ರೋಜನ್. ಆಕ್ಸಿಜನ್ ಅರ್ಧ ಲೀಟರ್‌ಗಿಂತ ಕಡಿಮೆ. ದೇಹದ ಖರ್ಚು ನಿಮಿಷಕ್ಕೆ ಸುಮಾರು 250 ಮಿ.ಲೀ. ಟ್ಯೂಬ್ ಹಾಕಲೆಂದು ಸ್ನಾಯು ಸಡಿಲಿಸುವ ಮದ್ದು ಕೊಟ್ಟು ಉಸಿರು ನಿಂತರೆ, ಲೆಕ್ಕ ನೀವೇ ಹಾಕಿ.

ಆದ್ದರಿಂದ ಮೊದಲು ಟ್ಯಾಂಕ್ ತುಂಬಿಸಬೇಕು. ಕನಿಷ್ಠ 3 ನಿಮಿಷ ಬಿಗಿಯಾದ ಮಾಸ್ಕಿನಲ್ಲಿ ಆಕ್ಸಿಜನ್ ಕೊಟ್ಟು ನೈಟ್ರೋಜನ್ನನ್ನು ಹೊರಗಟ್ಟಿದರೆ, ಆರೋಗ್ಯವಂತ ವಯಸ್ಕರಿಗೆ ಸುಮಾರು 8 ನಿಮಿಷದ ಅವಕಾಶ ಸಿಗುತ್ತದೆ. ತುಂಬಾ ದಪ್ಪಗಿರುವವರು, ತುಂಬುಗರ್ಭಿಣಿಯರು, ನ್ಯುಮೋನಿಯಾ ಆದವರಿಗೆ ಅಷ್ಟಿಲ್ಲ. ಇದು ಬಹುಮಟ್ಟಿಗೆ ನರ್ಸ್ ಕೈಯಲ್ಲಿರುವ ಕೆಲಸ: ತಲೆಯ ಭಾಗವನ್ನು 20–30 ಡಿಗ್ರಿ ಎತ್ತುವುದು, ಆಕ್ಸಿಜನ್ ಫ್ಲೋ ಮೀಟರನ್ನು ನಿಮಿಷಕ್ಕೆ 15 ಲೀಟರ್‌ಗೆ ತಿರುಗಿಸುವುದು, ಮಾಸ್ಕಿನ ರಿಸರ್ವಾಯರ್ ಚೀಲ ಉಬ್ಬಿಯೇ ಇದೆಯೇ ನೋಡುವುದು. ಗಡ್ಡದ ಸಂದಿನಲ್ಲಿ ಮಾಸ್ಕ್ ಸೋರಿದರೆ ಹೊರಗಿನ ಗಾಳಿ ಒಳನುಗ್ಗಿ ಮೂರೂ ನಿಮಿಷ ವ್ಯರ್ಥ. ಮಾಸ್ಕಿನ ಜೊತೆಗೆ ಮೂಗಿಗೆ ಹಾಕಿದ ಆಕ್ಸಿಜನ್ ನಳಿಕೆಯನ್ನು ಟ್ಯೂಬ್ ಹಾಕುವಾಗಲೂ ತೆಗೆಯಬಾರದು. ಉಸಿರು ನಿಂತಿದ್ದರೂ ಅದರಿಂದ ಆಕ್ಸಿಜನ್ ಒಳಗಿಳಿಯುತ್ತದೆ.

ಟ್ರಾಲಿಯ ತಯಾರಿಯೂ ಅವರದೇ. ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪಿನ ದೀಪ ಉರಿಯುತ್ತದೆಯೇ? 10 ಮಿ.ಲೀ. ಸಿರಿಂಜಿನಿಂದ ಉಬ್ಬಿಸಿದಾಗ ಟ್ಯೂಬಿನ ತುದಿಯ ಪುಟ್ಟ ಬಲೂನು (ಕಫ್) ಸೋರುತ್ತದೆಯೇ? ಗಂಡಸರಿಗೆ 8 ಮಿ.ಮೀ. ಟ್ಯೂಬ್, ಹೆಂಗಸರಿಗೆ 7 ಅಥವಾ 7.5, ಜೊತೆಗೆ ಅರ್ಧ ಸೈಜ್ ಚಿಕ್ಕದೊಂದು, ಟ್ಯೂಬಿಗೆ ದಾರಿ ತೋರುವ ಬೂಜಿ ಎಂಬ ಕಡ್ಡಿ, ದಿಂಬಿನ ಕೆಳಗೆ ಆನ್ ಆಗಿರುವ, ಬಾಯಿಯ ದ್ರವ ಹೀರುವ ಸಕ್ಷನ್. ಐವಿ ಲೈನ್‌ಗೆ ಸಲೈನ್ ಹಾಯಿಸಿ ನೋಡಲೇಬೇಕು. ಸೂಜಿ ರಕ್ತನಾಳದಿಂದ ಜಾರಿದ್ದರೆ ಮದ್ದು ಚರ್ಮದಡಿ ಸೇರಿ ರೋಗಿ ಅರೆಬರೆ ಸಡಿಲವಾಗುತ್ತಾನೆ.

ನರ್ಸಿನ ಮುಂದಿನ ಕೆಲಸ ಬಾಯಿಬಿಟ್ಟು ಹೇಳುವುದು. ಗಂಟಲೊಳಗೆ ಕಣ್ಣು ನೆಟ್ಟ ವೈದ್ಯರಿಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಬೆರಳಿನ ಅಂಕಿ ಹೇಗೂ ಅರ್ಧ ನಿಮಿಷವೋ ಹೆಚ್ಚೋ ಹಿಂದಿನದು, ಕೈ ತಣ್ಣಗಿದ್ದರೆ ಇನ್ನೂ ಹಳೆಯದು. 90ರ ಕೆಳಗೆ ಬಿದ್ದರೆ ಇಳಿಕೆ ಕಡಿದಾಗುತ್ತದೆ. "93, ಇಳೀತಿದೆ ಸರ್, ನಿಲ್ಲಿಸಿ ಬ್ಯಾಗ್ ಮಾಡೋಣ" ಎಂದು, ಅಂದರೆ ಮಾಸ್ಕಿನ ಚೀಲ ಒತ್ತಿ ಉಸಿರು ಕೊಡೋಣ ಎಂದು, ಗಟ್ಟಿಯಾಗಿ ಹೇಳಬೇಕು.

ಹೇಳಲಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ 2005ರ ಇಂಗ್ಲೆಂಡಿನ ಎಲೇನ್ ಬ್ರೋಮಿಲಿ ಪ್ರಕರಣವಿದೆ. ಅದು ಕ್ಯಾಶುವಾಲ್ಟಿಯಲ್ಲ, ಸೈನಸ್ ಶಸ್ತ್ರಚಿಕಿತ್ಸೆ. ಟ್ಯೂಬೂ ಹೋಗಲಿಲ್ಲ, ಮಾಸ್ಕಿನಲ್ಲಿ ಗಾಳಿಯೂ ಹೋಗಲಿಲ್ಲ. ನರ್ಸ್ ಒಬ್ಬರು ಕತ್ತಿನಲ್ಲಿ ರಂಧ್ರ ಮಾಡುವ ಸಲಕರಣೆ ತಂದರು, ಇನ್ನೊಬ್ಬರು ಐಸಿಯು ಹಾಸಿಗೆಗೆ ಏರ್ಪಾಡು ಮಾಡಿದರು. ಅನುಭವಿ ವೈದ್ಯರೇ ಇದ್ದರೂ ಅವರು ಟ್ಯೂಬ್ ಪ್ರಯತ್ನದಲ್ಲೇ ಮುಳುಗಿದ್ದರು. ಆಕೆ ಕೆಲವು ದಿನಗಳ ನಂತರ ತೀರಿಕೊಂಡರು. ವಿಮಾನದ ಪೈಲಟ್ ಆಗಿದ್ದ ಪತಿ ಮಾರ್ಟಿನ್, ಕಾಕ್‌ಪಿಟ್‌ನಲ್ಲಿ ಕಿರಿಯರು ಹಿರಿಯರನ್ನು ತಡೆಯಲು ಕಲಿಯುವಂತೆ ಆಸ್ಪತ್ರೆಗಳೂ ಕಲಿಯಲಿ ಎಂದು ಅಭಿಯಾನ ನಡೆಸಿದರು.

ಟ್ಯೂಬ್ ಒಳಹೋದ ಮೇಲೆ ನಂಬಬೇಕಾದದ್ದು ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್‌ನ ಗೆರೆಯನ್ನು, ಟ್ಯೂಬಿನ ಮೇಲಿನ ಮಂಜನ್ನಲ್ಲ. ಹೊಟ್ಟೆಯ ಗಾಳಿಯೂ ಮಂಜು ಕಟ್ಟಿಸುತ್ತದೆ. ಉಸಿರು ಉಸಿರಿಗೂ ಕಾರ್ಬನ್ ಡೈಆಕ್ಸೈಡ್‌ನ ಅಲೆ ಬರದಿದ್ದರೆ, ಬೇರೆಯದು ಸಾಬೀತಾಗುವವರೆಗೂ ಟ್ಯೂಬ್ ಅನ್ನನಾಳದಲ್ಲಿದೆ ಎಂದೇ ತಿಳಿಯಬೇಕು. ಕಫ್ ಒತ್ತಡ 20–30 ಸೆಂ.ಮೀ. ನೀರಿನಷ್ಟು ಸಾಕು, ಹೆಚ್ಚಾದರೆ ಶ್ವಾಸನಾಳದ ಒಳಪದರಕ್ಕೆ ರಕ್ತ ಹರಿಯದು.

ಇನ್ನೊಂದು, ಆಗಾಗ ಮರೆತುಹೋಗುವಂಥದ್ದು. ಟ್ಯೂಬ್ ಹಾಕುವಾಗ ಕೊಡುವ ನಿದ್ದೆ ಮದ್ದು ಕೆಟಮಿನ್‌ನ ಪರಿಣಾಮ ಸುಮಾರು 10–20 ನಿಮಿಷದ್ದು. ಕೆ.ಜಿ.ಗೆ 1.2 ಮಿ.ಗ್ರಾಂ ರೋಕುರೋನಿಯಂ (ಸ್ನಾಯು ಸಡಿಲಿಸುವ ಮದ್ದು) ಕೊಟ್ಟಿದ್ದರೆ ಸ್ನಾಯುಗಳು ಸುಮಾರು ಒಂದು ಗಂಟೆ ಅಲುಗಾಡವು. ನಡುವಿನ ಹೊತ್ತಿನಲ್ಲಿ ರೋಗಿಗೆ ಎಚ್ಚರವಿದ್ದರೂ ಬೆರಳಾಡಿಸಲಾಗದು. ನಾಡಿ, ಬಿಪಿ ಏರುವುದೇ ಸುಳಿವು. ಅದಕ್ಕೇ ನೋವಿನ ಮದ್ದು ಮತ್ತು ನಿದ್ದೆ ಮದ್ದಿನ ಪಂಪ್‌ಗಳನ್ನು ಟ್ಯೂಬ್ ಹಾಕುವ ಮೊದಲೇ ಸಿದ್ಧಮಾಡಿಡುತ್ತಾರೆ.