ಮಂಜಿನಲ್ಲಿ ಹಾರಿದವರು, ಹಾರಿಸಿದವರು: ಸೋವಿಯತ್ ವಿಮಾನಯಾನದ ಮೊದಲ ಎರಡು ದಶಕ

1933ರ ಸೆಪ್ಟೆಂಬರ್ 5ರಂದು ಮಾಸ್ಕೋದಿಂದ ಕ್ರೈಮಿಯಾದತ್ತ ಹೊರಟ ಎಎನ್‌ಟಿ-7 ವಿಮಾನದಲ್ಲಿ ಸೋವಿಯತ್ ವಿಮಾನಯಾನದ ಆಡಳಿತವೇ ಕುಳಿತಿತ್ತು ಎನ್ನಬಹುದು. ವಿಮಾನ ಉದ್ಯಮದ ಮುಖ್ಯಸ್ಥ ಪ್ಯೋತ್ರ್ ಬಾರಾನೊವ್, ನಾಗರಿಕ ವಿಮಾನಯಾನದ ಮುಖ್ಯಸ್ಥ ಅಬ್ರಾಮ್ ಗೋಲ್ಟ್ಸ್‌ಮನ್, ಯೋಜನಾ ಆಯೋಗದ ಝಾರ್ಝಾರ್, ದೇಶದ ಅತಿ ದೊಡ್ಡ ವಿಮಾನ ಕಾರ್ಖಾನೆಗಳಲ್ಲೊಂದರ ನಿರ್ದೇಶಕ ಸೆರ್ಗೆಯ್ ಗೊರ್ಬುನೊವ್ ಅದರಲ್ಲಿದ್ದರು. ಬಾರಾನೊವ್ ಅವರ ಪತ್ನಿಯೂ ಜೊತೆಗಿದ್ದರು. ಮಾಸ್ಕೋದ ದಕ್ಷಿಣಕ್ಕೆ, ಪೊದೋಲ್ಸ್ಕ್ ಆಚೆಗೆ ದಟ್ಟ ಮಂಜು. ನೆಲ ಕಾಣಲೆಂದು ಪೈಲಟ್ ವಿಮಾನವನ್ನು ಕೆಳಗಿಳಿಸಿದರು. ರೆಕ್ಕೆ ಒಂದು ರೇಡಿಯೊ ಆಂಟೆನಾದ ತಂತಿಗೆ ಸಿಕ್ಕಿತು, ವಿಮಾನ ಮರಕ್ಕೆ ಬಡಿಯಿತು. ಎಂಟು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ವಿಮಾನಗಳ ಬಗ್ಗೆ ಆ ದೇಶದಲ್ಲಿ ಇವರಿಗಿಂತ ಹೆಚ್ಚು ಬಲ್ಲ ಅಧಿಕಾರಿಗಳು ಇರಲಿಲ್ಲ. ಆದರೂ ಅಂಥ ಮಂಜಿನಲ್ಲಿ ಹೊರಟರು. ಅದಕ್ಕೆ ಸರ್ಕಾರ ಕೊಟ್ಟ ಉತ್ತರ ಇನ್ನೂ ವಿಚಿತ್ರ. ಹಿರಿಯ ಹೊಣೆಗಾರರು ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿಯ ವಿಶೇಷ ಅನುಮತಿಯಿಲ್ಲದೆ ವಿಮಾನ ಹತ್ತಕೂಡದು, ಹತ್ತಿದರೆ ಪಕ್ಷದಿಂದ ಉಚ್ಚಾಟನೆ ಎಂದು ಸ್ಟಾಲಿನ್ ಒತ್ತಾಯದ ಮೇಲೆ ನಿರ್ಧಾರವಾಯಿತು. ಸ್ಟಾಲಿನ್ ಕೂಡ 1943ರಲ್ಲಿ ಬಾಕುವಿನಿಂದ ಟೆಹರಾನ್ ಶೃಂಗಸಭೆಗೆ ಹೋಗಿಬಂದದ್ದು ಬಿಟ್ಟರೆ ವಿಮಾನ ಏರಿದವರಲ್ಲ. ನಾಯಕರ ಜೀವಕ್ಕೆ ಹೀಗೆ ಬೇಲಿ ಬಿತ್ತು. ಅದೇ ಮಂಜಿನಲ್ಲಿ ದಿನವೂ ಅಂಚೆ ಹೊತ್ತು ಹಾರುವ, ದಾಖಲೆಗಾಗಿ ಧ್ರುವ ದಾಟುವ, ತರಬೇತಿಗಾಗಿ ಮೋಡದೊಳಗೆ ನುಗ್ಗುವ ಪೈಲಟ್‌ಗೆ ಮಾತ್ರ ‘ಇವತ್ತು ಬೇಡ’ ಎನ್ನುವ ಹಕ್ಕು ಸಿಗಲಿಲ್ಲ. ಆ ಕಾಲದ ದುರಂತಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ನನ್ನನ್ನು ಬಹಳ ಕಾಡುವುದು ಇದೇ.

ಮೋಡದೊಳಗೆ ಹಾರುವುದು ಯಾಕೆ ಅಷ್ಟು ಅಪಾಯ? ಕಣ್ಣಿಗೆ ಕಾಣದು ಎಂಬುದಷ್ಟೇ ಕಾರಣವಲ್ಲ, ದೇಹವೂ ಸುಳ್ಳು ಹೇಳುತ್ತದೆ. ಮಕ್ಕಳು ಗಿರಗಿರನೆ ಸುತ್ತಿ ತಟ್ಟನೆ ನಿಂತರೆ ನೆಲವೇ ತಿರುಗಿದಂತೆ ಅನ್ನಿಸುತ್ತದಲ್ಲ, ಒಳಕಿವಿಯ ದ್ರವ ಮಾಡುವ ಆ ಮೋಸವೇ ಇಲ್ಲೂ ನಡೆಯುತ್ತದೆ. ದಿಗಂತ ಕಾಣದಾಗ ವಿಮಾನ ನಿಧಾನವಾಗಿ ಒಂದು ಬದಿಗೆ ವಾಲಿದರೆ ಕಿವಿಗೆ ಅದು ಗೊತ್ತೇ ಆಗುವುದಿಲ್ಲ. ಸರಿಪಡಿಸಲು ಹೊರಟರೆ ಈಗಲೇ ವಾಲುತ್ತಿದ್ದೇನೆ ಅನ್ನಿಸುತ್ತದೆ. ನೇರವಾಗಿ ಹೋಗುತ್ತಿದ್ದೇನೆಂದು ನಂಬಿದ ಪೈಲಟ್ ಸುರುಳಿಯಾಗಿ ನೆಲಕ್ಕಿಳಿಯುತ್ತಿರುತ್ತಾನೆ. ಇದನ್ನು ಧೈರ್ಯದಿಂದ ಗೆಲ್ಲಲಾಗದು. ತಿರುವು ಮತ್ತು ವಾಲುವಿಕೆ ತೋರಿಸುವ, ಕೃತಕ ದಿಗಂತ ತೋರಿಸುವ ಗೈರೋ (ವೇಗವಾಗಿ ತಿರುಗುವ ಚಕ್ರದ) ಉಪಕರಣಗಳು ಬೇಕು, ಮೈಯ ಮಾತನ್ನು ಬಿಟ್ಟು ಮುಳ್ಳಿನ ಮಾತು ನಂಬುವ ಕಠಿಣ ಅಭ್ಯಾಸ ಬೇಕು. 1929ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಜಿಮ್ಮಿ ಡೂಲಿಟಲ್ ಮುಚ್ಚಿದ ಕಾಕ್‌ಪಿಟ್‌ನಲ್ಲಿ ಕೂತು, ಬರೀ ಉಪಕರಣ ನೋಡಿಕೊಂಡು ಏರಿ ಇಳಿದು ತೋರಿಸಿದ್ದು ಇದಕ್ಕೇ.

ಮೋಡದಲ್ಲಿ ಇನ್ನೆರಡು ಅಪಾಯಗಳಿವೆ. ಸೊನ್ನೆ ಡಿಗ್ರಿಗಿಂತ ತಣ್ಣಗಾದರೂ ಗಟ್ಟಿಯಾಗದೆ ಉಳಿದ ನೀರಹನಿಗಳು ರೆಕ್ಕೆ ತಾಗಿದ ಕೂಡಲೇ ಮಂಜುಗಡ್ಡೆಯಾಗುತ್ತವೆ. ರೆಕ್ಕೆಯ ಆಕಾರ ಕೆಡುತ್ತದೆ, ಭಾರ ಏರುತ್ತದೆ. ಎರಡನೆಯದು, ಆ ಕಾಲದ ಎತ್ತರಮಾಪಕ ಗಾಳಿಯ ಒತ್ತಡವನ್ನಷ್ಟೇ ಅಳೆಯುತ್ತಿತ್ತು. ಎದುರಿಗೆ ಗುಡ್ಡ ಬಂದರೆ ಅದಕ್ಕೆ ಸುಳಿವಿರದು.

1920ರ ದಶಕದ ಸೋವಿಯತ್ ಪೈಲಟ್‌ಗಳ ಕೈಯಲ್ಲಿ ಇದಕ್ಕೆಲ್ಲ ಮದ್ದು ಇರಲಿಲ್ಲ. ಜರ್ಮನ್-ರಷ್ಯನ್ ಸಂಸ್ಥೆ ಡೆರುಲುಫ್ಟ್ 1922ರ ಮೇ 1ರಂದು ಮಾಸ್ಕೋ–ಕೋನಿಗ್ಸ್‌ಬರ್ಗ್ ಹಾರಾಟ ಶುರುಮಾಡಿತು. ಮರುವರ್ಷ ದೊಬ್ರೊಲ್ಯೊತ್ ಸಂಸ್ಥೆ ಯುಂಕರ್ಸ್ ಎಫ್-13 ವಿಮಾನಗಳಲ್ಲಿ ಮಾಸ್ಕೋದಿಂದ ನೀಝ್ನಿ ನೊವ್‌ಗೊರೊದ್‌ಗೆ ಜನರನ್ನು ಒಯ್ಯತೊಡಗಿತು. ದಾರಿ ಹುಡುಕಲು ರೈಲುಹಳಿ, ನದಿ, ಚರ್ಚಿನ ಗೋಪುರ. ಮೋಡ ಕೆಳಗಿಳಿದಂತೆ ಪೈಲಟ್ ಕೂಡ ಕೆಳಗಿಳಿಯುತ್ತಿದ್ದ. ಹತ್ತು ವರ್ಷದ ನಂತರ ಬಾರಾನೊವ್ ವಿಮಾನ ಮಾಡಿದ್ದೂ ಅದನ್ನೇ.

ಇನ್ನೊಂದು ಕೆಟ್ಟ ಚಾಳಿಯೂ ಆಗಲೇ ಬೇರೂರಿತು. 1925ರ ಮಾರ್ಚ್ 22ರಂದು ತಿಫ್ಲಿಸ್‌ನಿಂದ (ಇಂದಿನ ತ್ಬಿಲಿಸಿ) ಸುಖುಮಿಗೆ ಹೊರಟ ಎಫ್-13 ವಿಮಾನಕ್ಕೆ ಗಾಳಿಯಲ್ಲೇ ಬೆಂಕಿ ಹತ್ತಿತು. ಮ್ಯಾಸ್ನಿಕೊವ್, ಮೊಗಿಲೆವ್ಸ್ಕಿ, ಅತಾರ್ಬೆಕೊವ್ ಎಂಬ ಮೂವರು ದೊಡ್ಡ ನಾಯಕರು ಸತ್ತರು. ಕಾರಣ ಕೊನೆಗೂ ರುಜುವಾತಾಗಲಿಲ್ಲ. ಒಳಸಂಚಿನ ಗುಮಾನಿ ಮಾತ್ರ ದಶಕಗಳ ಕಾಲ ಬಾಯಿಂದ ಬಾಯಿಗೆ ಹರಿಯಿತು. ಅದು ಹವಾಮಾನದ ದುರಂತವಲ್ಲ, ನಿಜ. ಆದರೆ ಅಪಘಾತವಾದರೆ ಕಾರಣಕ್ಕಿಂತ ಮೊದಲು ಅಪರಾಧಿಯನ್ನು ಹುಡುಕುವ ಆ ರೂಢಿ ಮುಂದೆ ಹವಾಮಾನ ವಿಜ್ಞಾನವನ್ನೂ ಬಿಡಲಿಲ್ಲ.

ವಿಜ್ಞಾನದಲ್ಲಿ ಆ ದೇಶ ಹಿಂದಿರಲಿಲ್ಲ ಎಂಬುದನ್ನೂ ಹೇಳಬೇಕು. 1930ರ ಜನವರಿ 30ರಂದು ಪಾವೆಲ್ ಮೊಲ್ಚಾನೊವ್ ಲೆನಿನ್‌ಗ್ರಾದ್ ಬಳಿಯ ಪಾವ್ಲೊವ್ಸ್ಕ್‌ನಿಂದ ಬಲೂನಿಗೆ ರೇಡಿಯೊ ಉಪಕರಣ ಕಟ್ಟಿ ಹಾರಿಬಿಟ್ಟು, ಮೇಲಿನ ಗಾಳಿಯ ಉಷ್ಣತೆ, ಒತ್ತಡಗಳನ್ನು ನೆಲದಲ್ಲೇ ಕೂತು ಕೇಳಿಸಿಕೊಂಡರು. ಜಗತ್ತಿನ ಮೊದಲ ರೇಡಿಯೊಸಾಂಡ್‌ಗಳಲ್ಲಿ ಅದೂ ಒಂದು. ಚದುರಿಹೋಗಿದ್ದ ಹವಾಮಾನ ಕೇಂದ್ರಗಳನ್ನು ಒಂದೇ ಸೇವೆಯಡಿ ತಂದವರು ಅಲೆಕ್ಸೆಯ್ ವಾಂಗೆನ್‌ಗೈಮ್. 1934ರ ಜನವರಿಯಲ್ಲಿ, ಬಾರಾನೊವ್ ಸತ್ತು ನಾಲ್ಕು ತಿಂಗಳಿಗೆ, ಅವರನ್ನು ಬಂಧಿಸಿದರು. ಬೇಕೆಂದೇ ಸುಳ್ಳು ಮುನ್ಸೂಚನೆ ಕೊಟ್ಟು ಕೃಷಿಗೆ ಹಾನಿ ಮಾಡಿದರೆಂಬುದು ಆರೋಪಗಳಲ್ಲೊಂದು. ಸೊಲೊವ್ಕಿ ದ್ವೀಪದ ಶಿಬಿರಕ್ಕೆ ಕಳಿಸಿ, 1937ರ ನವೆಂಬರ್ 3ರಂದು ಗುಂಡಿಟ್ಟು ಕೊಂದರು. ನಿರಪರಾಧಿ ಎಂದು ಸರ್ಕಾರ ಒಪ್ಪಿಕೊಂಡಿದ್ದು 1956ರಲ್ಲಿ. ಮುನ್ಸೂಚನೆ ತಪ್ಪಿದರೆ ಇಂಥ ಗತಿ ಎಂದಮೇಲೆ, ಗಣ್ಯರ ಹಾರಾಟಕ್ಕೆ ‘ಹವಾಮಾನ ಸರಿಯಿಲ್ಲ’ ಎಂದು ಬರೆದುಕೊಡಲು ಯಾವ ನೌಕರನ ಕೈ ಏಳುತ್ತದೆ?

ಇದೇ ಹೊತ್ತಿಗೆ ವೀರಪೂಜೆಯ ಕಾಲವೂ ಬಂತು. 1934ರ ಫೆಬ್ರವರಿಯಲ್ಲಿ ಚೆಲ್ಯೂಸ್ಕಿನ್ ಹಡಗು ಮುಳುಗಿ 104 ಮಂದಿ ಆರ್ಕ್‌ಟಿಕ್ ಹಿಮದ ಮೇಲೆ ಉಳಿದಾಗ, ಹಲವು ದಿಕ್ಕಿನಿಂದ ಪೈಲಟ್‌ಗಳು ಹಾರಿಹೋಗಿ ಎಲ್ಲರನ್ನೂ ಕರೆತಂದರು. ನಿಜಕ್ಕೂ ಮೈ ನವಿರೇಳಿಸುವ ಸಾಹಸ. ಲ್ಯಾಪಿದೆವ್ಸ್ಕಿ ಕೆಟ್ಟ ಹವೆಯಿಂದ ಮತ್ತೆ ಮತ್ತೆ ಹಿಂತಿರುಗಿ, ಕೊನೆಗೆ ಮಾರ್ಚ್ 5ರಂದು ಶಿಬಿರ ತಲುಪಿ ಹೆಂಗಸರು, ಮಕ್ಕಳನ್ನು ಹೊತ್ತು ತಂದರು. ಹಿಂತಿರುಗಿ ಬರುವ ಆ ವಿವೇಕವೇ ನನಗೆ ಅವರ ದೊಡ್ಡತನವಾಗಿ ಕಾಣುತ್ತದೆ. ದೇಶ ಕೊಂಡಾಡಿದ್ದು ಬೇರೆಯದನ್ನು. ಹವಾಮಾನವನ್ನು ಬೋಲ್ಶೆವಿಕ್ ಛಲ ಗೆದ್ದಿತು ಎಂಬ ಕಥೆ ಊರೂರು ಹಬ್ಬಿತು. ಲೆವನೆವ್ಸ್ಕಿ ಅವರ ವಿಮಾನ ರೆಕ್ಕೆಗೆ ಮಂಜುಗಡ್ಡೆ ಕಟ್ಟಿ ಕೆಳಗೆ ಬಿದ್ದು, ಶಿಬಿರದಿಂದ ಯಾರನ್ನೂ ತರಲಾಗದಿದ್ದರೂ, ‘ಸೋವಿಯತ್ ಒಕ್ಕೂಟದ ವೀರ’ ಬಿರುದು ಪಡೆದ ಮೊದಲ ಏಳು ಮಂದಿಯಲ್ಲಿ ಅವರೂ ಸೇರಿದರು.

1937ರ ಜೂನ್‌ನಲ್ಲಿ ಚ್ಕಾಲೊವ್, ಬೈದುಕೊವ್, ಬೆಲ್ಯಾಕೊವ್ ಉತ್ತರ ಧ್ರುವದ ಮೇಲಿಂದ 63 ಗಂಟೆ ಹಾರಿ ಅಮೆರಿಕದ ವ್ಯಾಂಕೂವರ್‌ನಲ್ಲಿ ಇಳಿದರು. ಹೆಸರು ಬಂದದ್ದು ಚ್ಕಾಲೊವ್‌ಗೆ. ಮೋಡದೊಳಗೆ ಗಂಟೆಗಟ್ಟಲೆ ಉಪಕರಣ ನಂಬಿ ವಿಮಾನ ನಡೆಸಿದವರು ಕುರುಡು ಹಾರಾಟದಲ್ಲಿ, ಅಂದರೆ ಹೊರಗೆ ನೋಡದೆ ಉಪಕರಣದಿಂದಲೇ ಹಾರುವುದರಲ್ಲಿ, ಪಳಗಿದ್ದ ಬೈದುಕೊವ್. ಎರಡು ತಿಂಗಳೊಳಗೆ, ಆಗಸ್ಟ್ 12ರಂದು, ಲೆವನೆವ್ಸ್ಕಿ ಐವರು ಸಂಗಾತಿಗಳೊಂದಿಗೆ ನಾಲ್ಕು ಎಂಜಿನ್‌ಗಳ ಡಿಬಿ-ಎ ವಿಮಾನದಲ್ಲಿ ಅದೇ ಧ್ರುವದತ್ತ ಹೊರಟರು. ಧ್ರುವ ದಾಟಿದ ಮೇಲೆ ಒಂದು ಎಂಜಿನ್ ನಿಂತಿದೆ, ಎದುರುಗಾಳಿ ಜೋರಾಗಿದೆ, ದಟ್ಟ ಮೋಡದೊಳಗೆ ಇಳಿಯುತ್ತಿದ್ದೇವೆ ಎಂಬ ಸಂದೇಶ ಬಂತು. ಆಮೇಲೆ ತಿಂಗಳುಗಟ್ಟಲೆ ಹುಡುಕಿದರೂ, ಇಂದಿನವರೆಗೂ, ವಿಮಾನದ ಅವಶೇಷ ಖಚಿತವಾಗಿ ಸಿಕ್ಕಿಲ್ಲ.

ಈ ಸಾಲಿನಲ್ಲಿ ನನ್ನನ್ನು ಅತಿ ಹೆಚ್ಚು ಕಲಕುವುದು ಹೈಡ್ರೋಜನ್ ತುಂಬಿ ತೇಲಿಸುವ ವಾಯುನೌಕೆ ವಿ-6ರ ಕಥೆ. 1937ರ ಶರತ್ಕಾಲದಲ್ಲಿ 130 ಗಂಟೆಗೂ ಮಿಕ್ಕಿ ಗಾಳಿಯಲ್ಲಿದ್ದು ದಾಖಲೆ ಮಾಡಿದ್ದ ನೌಕೆ ಅದು. 1938ರ ಆರಂಭದಲ್ಲಿ ಪಾಪಾನಿನ್ ಮತ್ತವರ ಮೂವರು ಸಂಗಾತಿಗಳ ‘ಉತ್ತರ ಧ್ರುವ-1’ ಸಂಶೋಧನಾ ಶಿಬಿರವಿದ್ದ ಹಿಮಗಡ್ಡೆ ಗ್ರೀನ್‌ಲ್ಯಾಂಡ್ ಸಮುದ್ರಕ್ಕೆ ತೇಲಿಬಂದು ಒಡೆಯತೊಡಗಿತು. ಅವರನ್ನು ತರಲು ನಮ್ಮನ್ನು ಕಳಿಸಿ ಎಂದು ವಿ-6ರ ಸಿಬ್ಬಂದಿಯೇ ಕೇಳಿಕೊಂಡರು. ಮೊದಲು ಮುರ್ಮಾನ್ಸ್ಕ್‌ವರೆಗೆ ಹಾರಿ ನೋಡಿ ಎಂದು ಒಪ್ಪಿಗೆ ಸಿಕ್ಕಿತು. ಫೆಬ್ರವರಿ 5ರ ಸಂಜೆ ಕಮಾಂಡರ್ ಗುದೊವಾಂತ್ಸೆವ್ ಸೇರಿ 19 ಮಂದಿ ಮಾಸ್ಕೋ ಬಳಿಯ ದೊಲ್ಗೊಪ್ರುದ್ನಿಯಿಂದ ಹೊರಟರು. ಮರುದಿನ ಸಂಜೆ ಕಂದಲಾಕ್ಷ ಹತ್ತಿರ ಕತ್ತಲು, ಹಿಮಪಾತ, ತಗ್ಗಿದ ಮೋಡ. ಕೈಯಲ್ಲಿದ್ದದ್ದು ಹಳೆಯ ನಕ್ಷೆ. ಮುಂದೆ ನಿಂತಿದ್ದ ನೆಬ್ಲೊ ಗುಡ್ಡ ಅದರಲ್ಲಿರಲಿಲ್ಲ. ಕೆಳಗೆ ರೈಲುಹಳಿಯುದ್ದಕ್ಕೂ ಊರವರು ದಾರಿ ತೋರಿಸಲೆಂದು ಬೆಂಕಿ ಹಾಕಿದ್ದರು. ಆ ಬೆಂಕಿ ಯಾಕೆಂದು ಮೇಲಿದ್ದವರಿಗೆ ತಿಳಿಯಲಿಲ್ಲ. ಮರ ತುಂಬಿದ ಗುಡ್ಡದ ಇಳಿಜಾರಿಗೆ ನೌಕೆ ಅಪ್ಪಳಿಸಿತು, ಒಳಗಿದ್ದ ಹೈಡ್ರೋಜನ್ ಹೊತ್ತಿಕೊಂಡಿತು. 13 ಮಂದಿ ಸತ್ತರು. ಬದುಕಿದ ಆರು ಮಂದಿ ಹಿಮದಲ್ಲಿ ಬೆಂಕಿ ಕಾಯುತ್ತ ರಾತ್ರಿ ಕಳೆದರು.

ಪಾಪಾನಿನ್ ತಂಡವನ್ನು ಫೆಬ್ರವರಿ 19ರಂದು ತೈಮಿರ್, ಮುರ್ಮಾನ್ ಎಂಬ ಹಡಗುಗಳು ಸುರಕ್ಷಿತವಾಗಿ ಹತ್ತಿಸಿಕೊಂಡವು. ವಿ-6ರ ಸಿಬ್ಬಂದಿ ತಾವಾಗಿ ಮುಂದೆ ಬಂದವರು, ಹೆದರಿದವರಲ್ಲ. ಹಿಮಪಾತದಲ್ಲಿ ಗೊತ್ತಿಲ್ಲದ ನೆಲದ ಮೇಲೆ ತಗ್ಗಾಗಿ ಹಾರುವಾಗ ಸರಿಯಾದ ಒಂದು ನಕ್ಷೆ ಅವರಿಗಿರಬೇಕಿತ್ತು. ಅದನ್ನು ಒದಗಿಸುವುದು ಸರ್ಕಾರಕ್ಕೆ ಕಷ್ಟವೇನಲ್ಲ. ಆತುರವೇ ಅದನ್ನು ನುಂಗಿತು.

ಆ ವರ್ಷದ ಉಳಿದ ಭಾಗವೂ ಹೀಗೆಯೇ ಸಾಗಿತು. ಸೆಪ್ಟೆಂಬರ್‌ನಲ್ಲಿ ಗ್ರಿಜೊದುಬೊವಾ, ಒಸಿಪೆಂಕೊ, ರಸ್ಕೊವಾ ಎಂಬ ಮೂವರು ಮಹಿಳೆಯರು ‘ರೋದಿನಾ’ ವಿಮಾನದಲ್ಲಿ ಮಾಸ್ಕೋದಿಂದ ರಷ್ಯಾದ ದೂರಪೂರ್ವಕ್ಕೆ ಹಾರಿದರು. ದಾರಿಯ ಬಹುಪಾಲು ಮೋಡ, ರೇಡಿಯೊ ಕೈಕೊಟ್ಟಿತು, ಕೊನೆಗೆ ಇಂಧನ ಮುಗಿಯಿತು. ನ್ಯಾವಿಗೇಟರ್ ರಸ್ಕೊವಾ ಪ್ಯಾರಾಚೂಟ್‌ನಲ್ಲಿ ಜಿಗಿದು ಹತ್ತು ದಿನ ಕಾಡಿನಲ್ಲಿ ಅಲೆದು ವಿಮಾನ ಸೇರಿಕೊಂಡರು. ಹುಡುಕಾಟಕ್ಕೆ ಹೋದ ಎರಡು ವಿಮಾನಗಳು ಗಾಳಿಯಲ್ಲೇ ಡಿಕ್ಕಿಯಾಗಿ ‘ಸೋವಿಯತ್ ಒಕ್ಕೂಟದ ವೀರ’ ಬ್ರ್ಯಾಂದಿನ್ಸ್ಕಿ ಸೇರಿ ಹಲವರು ಸತ್ತದ್ದನ್ನು ದಶಕಗಳ ಕಾಲ ಮುಚ್ಚಿಟ್ಟರು. ಡಿಸೆಂಬರ್ 15ರಂದು, ಸುಮಾರು ಮೈನಸ್ 25 ಡಿಗ್ರಿ ಚಳಿಯಲ್ಲಿ, ಚ್ಕಾಲೊವ್ ಹೊಸ ಐ-180 ಯುದ್ಧವಿಮಾನದ ಮೊದಲ ಹಾರಾಟಕ್ಕೆ ಹೊರಟರು. ಎಂಜಿನ್‌ಗೆ ಬೀಸುವ ಗಾಳಿಯನ್ನು ತಡೆಯುವ ಬಾಗಿಲುಗಳನ್ನೇ ಇನ್ನೂ ಕೂರಿಸಿರಲಿಲ್ಲ. ವರ್ಷ ಮುಗಿಯುವುದರೊಳಗೆ ಹಾರಲೇಬೇಕೆಂಬ ಒತ್ತಡ. ಇಳಿಯುವ ಹೊತ್ತಿಗೆ ಎಂಜಿನ್ ತಣ್ಣಗಾಗಿ ನಿಂತಿತು. ಚ್ಕಾಲೊವ್ ಸತ್ತರು, ವಿನ್ಯಾಸಕಾರ ತೊಮಾಶೆವಿಚ್ ಸೇರಿ ಕೆಲವರು ಜೈಲು ಸೇರಿದರು.

1939ರ ಮೇ 11ರಂದು ರ್‍ಯಾಜಾನ್ ಬಳಿ ಸತ್ತವರು ಕುರುಡು ಹಾರಾಟವನ್ನು ಕಲಿಯಲೆಂದೇ ಹಾರಿದ್ದರು. ಸ್ಪೇನ್ ಯುದ್ಧದ ವೀರ ಅನತೊಲಿ ಸೆರೊವ್ ಮತ್ತು ‘ರೋದಿನಾ’ದ ಪೊಲಿನಾ ಒಸಿಪೆಂಕೊ ಯುಟಿಐ-4 ತರಬೇತಿ ವಿಮಾನದ ಕಾಕ್‌ಪಿಟ್‌ಗೆ ಮುಸುಕು ಹಾಕಿಕೊಂಡು ಉಪಕರಣ ನೋಡಿ ಹಾರುವ ಅಭ್ಯಾಸದಲ್ಲಿದ್ದರು. ವಿಮಾನ ಹಿಡಿತ ತಪ್ಪಿ ಬಿತ್ತು. ಅಷ್ಟು ಅನುಭವಿಗಳು ಕೂಡ ಆಗಿನ್ನೂ ಇದನ್ನು ಕಲಿಯುವ ಹಂತದಲ್ಲಿದ್ದರು, ಡೂಲಿಟಲ್ ಹಾರಾಟದ ಹತ್ತು ವರ್ಷದ ನಂತರ.

ಮುಂದಿನ ತಿಂಗಳು ರಕ್ಷಣಾ ಕಮಿಸಾರ್ (ಸಚಿವ) ವೊರೊಶಿಲೊವ್ ಹೊರಡಿಸಿದ ರಹಸ್ಯ ಆದೇಶದಲ್ಲಿ ಲೆಕ್ಕವಿದೆ: ಆ ವರ್ಷದ ಜನವರಿ 1ರಿಂದ ಮೇ 15ರೊಳಗೆ 34 ಮಾರಣಾಂತಿಕ ಅಪಘಾತ, 70 ಸಾವು. ಬ್ರ್ಯಾಂದಿನ್ಸ್ಕಿ, ಚ್ಕಾಲೊವ್, ಪೈಲಟ್ ಗುಬೆಂಕೊ, ಸೆರೊವ್, ಒಸಿಪೆಂಕೊ ಅವರ ಹೆಸರುಗಳನ್ನೂ ಎತ್ತಿ ಹೇಳಿತ್ತು. ಮುಖ್ಯ ಕಾರಣವೆಂದು ತೋರಿಸಿದ್ದು ಶಿಸ್ತಿನ ಕೊರತೆಯನ್ನು. 1941ರ ಏಪ್ರಿಲ್ 9ರ ನಿರ್ಣಯ ಇನ್ನೂ ಕಠೋರ. ದಿನಕ್ಕೆ ಸರಾಸರಿ 2–3 ವಿಮಾನ, ವರ್ಷಕ್ಕೆ 600–900 ವಿಮಾನ ಅಪಘಾತದಲ್ಲೇ ನಷ್ಟ. ಆ ವರ್ಷದ ಮೊದಲ ಮೂರು ತಿಂಗಳು ಮುಗಿಯುವ ಮೊದಲೇ 141 ಸಾವು. ವಾಯುಪಡೆಯ ಮುಖ್ಯಸ್ಥ, ಮೂವತ್ತು ವರ್ಷದ ಪಾವೆಲ್ ರಿಚಾಗೊವ್ ಹುದ್ದೆ ಕಳೆದುಕೊಂಡರು. ನೀವು ನಮ್ಮನ್ನು ಶವಪೆಟ್ಟಿಗೆಗಳಲ್ಲಿ ಹಾರಿಸುತ್ತಿದ್ದೀರಿ ಎಂದು ಅವರು ಸ್ಟಾಲಿನ್ ಮುಖಕ್ಕೇ ಹೇಳಿದ್ದರೆಂದು ಅಡ್ಮಿರಲ್ ಇಸಾಕೊವ್ ಮುಂದೆ ನೆನಪಿಸಿಕೊಂಡರು. ಅಕ್ಟೋಬರ್ 28ರಂದು ರಿಚಾಗೊವ್‌ರನ್ನು ಗುಂಡಿಟ್ಟು ಕೊಂದರು. ಪೈಲಟ್ ಆಗಿದ್ದ ಅವರ ಪತ್ನಿ ಮರಿಯಾ ನೆಸ್ತೆರೆಂಕೊ ಅವರನ್ನೂ.

ಅಪಘಾತಕ್ಕೆ ತಲೆದಂಡ ಎಂದಾದರೆ ಕಮಾಂಡರ್‌ಗೆ ಉಳಿಯುವ ಸುಲಭ ದಾರಿ ಒಂದೇ: ರಾತ್ರಿ, ಮೋಡ, ಮಂಜಿನ ತರಬೇತಿಯನ್ನೇ ಕಡಿಮೆ ಮಾಡುವುದು. ಆಗ ಲೆಕ್ಕ ಚೆನ್ನಾಗಿ ಕಾಣುತ್ತದೆ, ಯುದ್ಧದ ದಿನ ಹಾರಲು ಬಲ್ಲವರು ಇರುವುದಿಲ್ಲ. ಇದನ್ನು ಕಂಡು ಬಾಯಿಬಿಟ್ಟವರು ಏರೋಫ್ಲೋಟ್ ಪೈಲಟ್ ಅಲೆಕ್ಸಾಂದ್ರ್ ಗೊಲೊವಾನೊವ್. ಫಿನ್‌ಲ್ಯಾಂಡ್ ಯುದ್ಧದಲ್ಲಿ ಹಾರಿದ್ದ ಅವರು 1941ರ ಜನವರಿಯಲ್ಲಿ ಸ್ಟಾಲಿನ್‌ಗೆ ಪತ್ರ ಬರೆದರು. ನಮ್ಮ ವಾಯುಪಡೆಗೆ ಕುರುಡು ಹಾರಾಟ, ರೇಡಿಯೊ ನ್ಯಾವಿಗೇಶನ್ ಬರುವುದಿಲ್ಲ, ಕಲಿಸಲು ಒಂದು ಘಟಕ ಕೊಡಿ ಎಂಬುದು ಅದರ ತಿರುಳು. ಸ್ಟಾಲಿನ್ ಕರೆಸಿ ಮಾತಾಡಿದರು, 212ನೇ ದೂರಗಾಮಿ ಬಾಂಬರ್ ರೆಜಿಮೆಂಟ್ ಅವರ ಕೈಗೆ ಬಂತು. ಆದರೆ ಜೂನ್ 22ಕ್ಕೆ ಜರ್ಮನ್ ದಾಳಿ ಶುರುವಾಯಿತು. ತಯಾರಿಗೆ ಸಿಕ್ಕಿದ್ದು ಕೆಲವೇ ತಿಂಗಳು. 1942ರ ಮಾರ್ಚ್‌ನಲ್ಲಿ ದೂರಗಾಮಿ ವಾಯುಪಡೆಯನ್ನೇ ಪ್ರತ್ಯೇಕಿಸಿ ಗೊಲೊವಾನೊವ್‌ಗೆ ವಹಿಸಿದರು. ರಾತ್ರಿಯ ಹಾರಾಟ, ಉಪಕರಣದ ಹಾರಾಟ ಅಲ್ಲಿ ನಿತ್ಯದ ಕೆಲಸವಾಯಿತು.

ಉಳಿದ ಕಡೆ ಹಳೆಯ ಸ್ಥಿತಿಯೇ ಇತ್ತು. 1943ರ ಜನವರಿ 4ರಂದು, ಕಾಡಿನಲ್ಲಿ ಹತ್ತು ದಿನ ಅಲೆದು ಬದುಕಿದ್ದ ಮರೀನಾ ರಸ್ಕೊವಾ ತಮ್ಮ ಮಹಿಳಾ ಬಾಂಬರ್ ರೆಜಿಮೆಂಟನ್ನು ಸ್ಟಾಲಿನ್‌ಗ್ರಾದ್ ರಣರಂಗಕ್ಕೆ ಸೇರಿಸಲು ಪೆ-2 ವಿಮಾನದಲ್ಲಿ ಹೊರಟಿದ್ದರು. ಸರಾತೊವ್ ಸಮೀಪ ಹಿಮಗಾಳಿ ಸುತ್ತಿಕೊಂಡಿತು. ನೆಲ ಹುಡುಕುತ್ತ ಕೆಳಗಿಳಿದ ವಿಮಾನ ವೋಲ್ಗಾ ದಂಡೆಯ ಎತ್ತರಕ್ಕೆ ಬಡಿದು, ಅವರ ಜೊತೆ ಉಳಿದ ಸಿಬ್ಬಂದಿಯೂ ಸತ್ತರು. ಅವರಿಗೆ ಆಗ ಮೂವತ್ತು ವರ್ಷ. ರೆಜಿಮೆಂಟಿನ ಹೊಣೆ ವಲೆಂತಿನ್ ಮಾರ್ಕೊವ್‌ಗೆ ಹೋಯಿತು. ಮುಂದೆ ಅದು ರಸ್ಕೊವಾ ಹೆಸರಿನಲ್ಲೇ ಯುದ್ಧ ಮುಗಿಯುವವರೆಗೆ ಹಾರಿತು.