ಎರಡಾಣೆ ಪಿಗ್ಮಿಯೂ ಇಪ್ಪತ್ತು ವರ್ಷದ ಸಾಲವೂ

ಉಡುಪಿಯ ರಥಬೀದಿಯ ಅಂಗಡಿಗಳಿಗೆ ಇವತ್ತಿಗೂ ಪಿಗ್ಮಿಯವರು ಬರುತ್ತಾರೆ. ಹೆಗಲಲ್ಲಿ ಚೀಲ, ಕೈಯಲ್ಲಿ ಪುಟ್ಟ ಮೆಷಿನ್. ಗಲ್ಲಾಪೆಟ್ಟಿಗೆಯಿಂದ ನೂರೋ ಇನ್ನೂರೋ ಹೋಗುತ್ತದೆ, ಚೀಟಿ ಬರುತ್ತದೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ದಿನದಿನವೂ ಚೂರುಚೂರು ಕಟ್ಟುವ ಈ ಪಿಗ್ಮಿ ಠೇವಣಿಯನ್ನು ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು.

ನಮ್ಮೂರಿನ ಬ್ಯಾಂಕುಗಳು ಬೆಳೆದದ್ದು ಇಂಥ ಚಿಲ್ಲರೆ ದುಡ್ಡಿನಿಂದಲೇ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕ್, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕ್ ಕಟ್ಟಿದರು. 1931ರಲ್ಲಿ ವಿಜಯಾ ಬಂತು. 1969ರಲ್ಲಿ ಕೆನರಾ, ಸಿಂಡಿಕೇಟ್, 1980ರಲ್ಲಿ ಉಳಿದೆರಡು ಸರಕಾರದ ಬ್ಯಾಂಕುಗಳಾದವು.

ಆಗೆಲ್ಲ ದೊಡ್ಡ ಯೋಜನೆಗೆ ವರ್ಷಗಟ್ಟಲೆ ಗಡುವಿನ ಸಾಲ ಕೊಡಲು ಬೇರೆಯೇ ಸಂಸ್ಥೆಗಳಿದ್ದವು. 1948ರ ಐಎಫ್‌ಸಿಐ, 1955ರ ಐಸಿಐಸಿಐ, 1964ರ ಐಡಿಬಿಐ. ಅವುಗಳ ಕಣ್ಣು ಜಾಸ್ತಿ ಕೈಗಾರಿಕೆಯ ಮೇಲಿತ್ತು, ನಿಜ. ಆದರೂ ತಡವಾಗಿ ವಾಪಸಾಗುವ ಸಾಲವನ್ನು ಅಳೆದು ತೂಗಿ ಕೊಡುವ ಅನುಭವ ಅಲ್ಲಿತ್ತು. 1990ರ ದಶಕದಲ್ಲಿ ಅವಕ್ಕೆ ಬರುತ್ತಿದ್ದ ಅಗ್ಗದ ಹಣ ನಿಂತಿತು. 2002ರಲ್ಲಿ ಐಸಿಐಸಿಐ, 2004ರಲ್ಲಿ ಐಡಿಬಿಐ ಮಾಮೂಲಿ ಬ್ಯಾಂಕುಗಳಾದವು. ನನ್ನ ಪ್ರಕಾರ ಅದು ದೊಡ್ಡ ತಪ್ಪು.

ಯಾಕೆಂದರೆ ಉದ್ದದ ಕೆಲಸಕ್ಕೆ ಉದ್ದದ ದುಡ್ಡೇ ಬೇಕು. ಕೊಂಕಣ ರೈಲು ನೋಡಿ. ಕೇಂದ್ರ ಮತ್ತು ನಾಲ್ಕು ರಾಜ್ಯಗಳು ಪಾಲು ಹಾಕಿದವು, ಕರ್ನಾಟಕದ್ದು ಶೇ 15. ಉಳಿದ ಹಣಕ್ಕೆ ಬಾಂಡ್, ಅಂದರೆ ಗೊತ್ತಾದ ಗಡುವಿಗೆ ತೀರಿಸುವ ಸಾಲಪತ್ರ, ಮಾರಿದರು. ಬಾಂಡ್ ಕೊಂಡವರು ಗಡುವಿನ ಮೊದಲು ಬಂದು ಹಣ ಕೇಳುವಂತಿಲ್ಲ. 1993ರಲ್ಲಿ ತೋಕೂರಿನಿಂದ ಉಡುಪಿಗೆ ರೈಲು ಬಂತು, 1998ರಲ್ಲಿ ಇಡೀ ಹಳಿ ತೆರೆಯಿತು.

ಪಿಗ್ಮಿ ಹಾಗಲ್ವಲ್ಲ! ಚೌತಿಗೆ ಸರಕು ತರಬೇಕು, ಮಗಳ ಫೀಸು ಕಟ್ಟಬೇಕು ಅಂದರೆ ಬ್ಯಾಂಕು ಆ ದುಡ್ಡನ್ನು ಎಣಿಸಿ ಕೊಡಲೇಬೇಕು. 2000ದ ನಂತರ ರಸ್ತೆ, ವಿದ್ಯುತ್ ಯೋಜನೆಗಳ ಭಾರ ಇಂಥ ಠೇವಣಿ ಇಟ್ಟುಕೊಂಡ ಸರಕಾರಿ ಬ್ಯಾಂಕುಗಳ ಮೇಲೆ ಬಿತ್ತು. ಜಾಗ ಸಿಗಲಿಲ್ಲ, ಕೋರ್ಟಿಗೆ ಹೋಯಿತು, ಕೆಲಸ ನಿಂತಿತು. ಟೋಲ್ ಶುರುವಾಗುವ ಮೊದಲೇ ಬಡ್ಡಿ ಓಡತೊಡಗಿತು. ಕೆಲಸ ತಡವಾಗುವುದೆಂದರೆ ಏನು ಅಂತ ಮಂಗಳೂರಿನವರಿಗೆ ಹೇಳಬೇಕಾಗಿಲ್ಲ. ಪಂಪ್‌ವೆಲ್ ಮೇಲ್ಸೇತುವೆಗೆ ವರ್ಷಗಟ್ಟಲೆ ಕಾದು, 2020ರ ಜನವರಿ ಕೊನೆಗೆ ಅದರ ಮೇಲೆ ಗಾಡಿ ಓಡಿಸಿದೆವು.

ಎರಡೇ ತಿಂಗಳಿಗೆ, ಏಪ್ರಿಲ್ 1ರಂದು, ಸಿಂಡಿಕೇಟ್ ಕೆನರಾದೊಳಗೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೂ ಸೇರಿಹೋದವು. ಲಾಭದಲ್ಲಿದ್ದ ವಿಜಯಾ ಹಿಂದಿನ ವರ್ಷವೇ ಬ್ಯಾಂಕ್ ಆಫ್ ಬರೋಡಾ ಪಾಲಾಗಿತ್ತು. ಆ ಬೋರ್ಡುಗಳು ಇಳಿದದ್ದು ನಮ್ಮನ್ನು ಈಗಲೂ ನೋಯಿಸುತ್ತದೆ.

2021ರಲ್ಲಿ ಸಂಸತ್ತು ಕಾನೂನು ಮಾಡಿ ಮೂಲಸೌಕರ್ಯಕ್ಕೆಂದೇ ಸರಕಾರಿ ಬ್ಯಾಂಕೊಂದನ್ನು ಕಟ್ಟಿತು. ಹೆಸರು ನ್ಯಾಬ್‌ಫಿಡ್, ಸರಕಾರ ಹಾಕಿದ ಬಂಡವಾಳ 20,000 ಕೋಟಿ ರೂಪಾಯಿ. ಮೊದಲ ಅಧ್ಯಕ್ಷರು ಕೆ.ವಿ. ಕಾಮತ್. ಮಂಗಳೂರಿನಲ್ಲಿ ಹುಟ್ಟಿ, ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು ಕೆಆರ್‌ಇಸಿಯಲ್ಲಿ ಓದಿದವರು. 2002ರಲ್ಲಿ ಐಸಿಐಸಿಐ ಮಾಮೂಲಿ ಬ್ಯಾಂಕಾದಾಗ ಅದರ ಚುಕ್ಕಾಣಿ ಹಿಡಿದಿದ್ದವರೂ ಇವರೇ. ನ್ಯಾಬ್‌ಫಿಡ್ ಜನರಿಂದ ಠೇವಣಿ ಪಡೆಯುವುದಿಲ್ಲ. ಬಾಂಡ್ ಮಾರಿ ಹಣ ಎತ್ತುತ್ತದೆ, ರಥಬೀದಿಯ ಪಿಗ್ಮಿ ಚೀಲಕ್ಕೆ ಕೈ ಹಾಕುವುದಿಲ್ಲ.