ತೊನ್ನು: ಚರ್ಮದ ಬಣ್ಣ ಮತ್ತು ಪರರ ನೋಟ

ತೊನ್ನು ಪ್ರಾಣಕ್ಕೆ ಎರವಾಗುವ ಕಾಯಿಲೆಯಲ್ಲ. ಬಹುತೇಕರಿಗೆ ಅದರಿಂದ ನೋವೂ ಆಗುವುದಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಅನ್ನು ತಯಾರಿಸುವ ಜೀವಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಶತ್ರುವೆಂದು ಬಗೆದು ನಾಶಮಾಡುವುದರಿಂದ ಅಲ್ಲಲ್ಲಿ ಬಿಳಿ ಮಚ್ಚೆಗಳು ಮೂಡುತ್ತವೆ. ಮುಟ್ಟಿದರೆ ಅದು ಹರಡುವುದಿಲ್ಲ. ಬ್ಯಾಕ್ಟೀರಿಯಾದಿಂದ ಬರುವ ಕುಷ್ಠಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ಆದರೂ 'ಬಿಳಿ ಕುಷ್ಠ' ಎಂಬ ಹಳೆಯ ಹೆಸರು ಬಿಟ್ಟುಹೋಗಿಲ್ಲ. ಮೀನು ತಿಂದು ಹಾಲು ಕುಡಿದದ್ದೇ ಕಾರಣವೆಂದು, ನಾಗದೋಷವೆಂದು ಹೇಳುವವರು ಇಂದಿಗೂ ಇದ್ದಾರೆ. ಹೀಗೆ ಕಾಯಿಲೆಯೊಂದು ತಪ್ಪಿನ ಗುರುತಾಗಿಬಿಡುತ್ತದೆ.

ಜಗತ್ತಿನ ಜನರಲ್ಲಿ ಸುಮಾರು ಶೇ 0.5ರಿಂದ 2ರಷ್ಟು ಮಂದಿಗೆ ಇರುವ ಈ ತೊಂದರೆ ಅವರಲ್ಲಿ ಅರ್ಧದಷ್ಟು ಜನರಿಗೆ 20 ವರ್ಷ ತುಂಬುವ ಮೊದಲೇ ಕಾಣಿಸಿಕೊಳ್ಳುತ್ತದೆ. ಅಂದರೆ, ತಾನು ಹೇಗೆ ಕಾಣುತ್ತೇನೆ ಎಂಬ ಪ್ರಶ್ನೆ ಅತ್ಯಂತ ತೀವ್ರವಾಗಿರುವ ವಯಸ್ಸಿನಲ್ಲಿ, ಮನೆಯವರು ಸಂಬಂಧ ಹುಡುಕಲು ತೊಡಗುವ ಕೆಲವೇ ವರ್ಷಗಳ ಮುಂಚೆ.

ಇಂಥವರೊಡನೆ ಕೆಲಸ ಮಾಡುವ ಆಪ್ತಸಮಾಲೋಚಕರು ನೆನಪಿಡಬೇಕಾದ ಪ್ರಯೋಗವೊಂದನ್ನು ಅಮೆರಿಕದ ಮನೋವಿಜ್ಞಾನಿಗಳಾದ ಕ್ಲೆಕ್ ಮತ್ತು ಸ್ಟ್ರೆಂಟಾ 1980ರಲ್ಲಿ ಪ್ರಕಟಿಸಿದರು. ಪಾಲ್ಗೊಂಡವರ ಮುಖದ ಮೇಲೆ ಗಾಯದ ಕಲೆಯನ್ನು ಬಣ್ಣದಿಂದ ಬರೆದು, ಕನ್ನಡಿಯಲ್ಲಿ ತೋರಿಸಿ, ಅದು ಬಿರಿಯದಂತೆ ಕ್ರೀಮು ಹಚ್ಚುವ ನೆಪದಲ್ಲಿ ಅವರಿಗೆ ತಿಳಿಯದಂತೆ ಅಳಿಸಿಬಿಟ್ಟರು. ಕಲೆಯೇ ಇಲ್ಲದ ಮುಖದಿಂದ ಅಪರಿಚಿತರೊಡನೆ ಮಾತನಾಡಿ ಬಂದ ಇವರು, ಎದುರಿನವರು ತಮ್ಮ ಮುಖವನ್ನೇ ದಿಟ್ಟಿಸುತ್ತಿದ್ದರು, ಮುಜುಗರಪಡುತ್ತಿದ್ದರು ಎಂದು ವರದಿ ಮಾಡಿದರು. ಕಲೆ ಇದೆಯೆಂಬ ನಂಬಿಕೆಯೊಂದೇ ಪರರ ಸಹಜ ನೋಟವನ್ನು ತಿರಸ್ಕಾರವಾಗಿ ಓದಿಸಿತ್ತು.

ಆದರೆ ಇದನ್ನು ಹಿಡಿದುಕೊಂಡು 'ಎಲ್ಲವೂ ನಿಮ್ಮ ಮನಸ್ಸಿನಲ್ಲಿದೆ' ಎನ್ನುವುದು ಅನ್ಯಾಯ ಎಂಬುದು ನನ್ನ ದೃಢ ಅಭಿಪ್ರಾಯ. ಮಚ್ಚೆಯ ವಿಷಯ ತಿಳಿದು ಸಂಬಂಧ ಮುರಿದುಕೊಂಡವರು ಇದ್ದಾರೆ. ಬೇರೆ ಲೋಟ ಇಟ್ಟ ಮನೆಗಳೂ ಇವೆ. ನಿಜವಾಗಿ ನಡೆದ ಅವಮಾನವನ್ನು ಅವಮಾನವೆಂದೇ ಒಪ್ಪಿಕೊಂಡು, ಅದರ ನೆರಳು ಯಾವ ಯಾವ ನಿರಪರಾಧಿ ನೋಟಗಳ ಮೇಲೆ ಬಿದ್ದಿದೆ ಎಂದು ರೋಗಿಯ ಜೊತೆ ಕುಳಿತು ಬಿಡಿಸಿ ನೋಡುವುದೇ ಚಿಕಿತ್ಸೆಯ ಸೂಕ್ಷ್ಮ ಕೆಲಸ. ಬೇಸಿಗೆಯಲ್ಲೂ ತುಂಬುತೋಳಿನ ಉಡುಪು, ಮದುವೆಮನೆಗಳಿಗೆ ಹೋಗದಿರುವುದು, ಫೋಟೊ ತೆಗೆಯುವಾಗ ಹಿಂದೆ ಸರಿಯುವುದು ಆ ಹೊತ್ತಿಗೆ ನೆಮ್ಮದಿ ತಂದರೂ, ಜನ ಹೇಗೆ ವರ್ತಿಸುತ್ತಾರೆಂದು ಪರೀಕ್ಷಿಸಿ ನೋಡುವ ಅವಕಾಶವನ್ನೇ ಕಿತ್ತುಕೊಳ್ಳುತ್ತವೆ. ಆದ್ದರಿಂದ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಆ ಮರೆಗಳನ್ನು ಬಿಡುವ ಅಭ್ಯಾಸ ಮಾಡಿಸಲಾಗುತ್ತದೆ. 1999ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ತೊನ್ನು ಇದ್ದವರಲ್ಲಿ 8 ವಾರಗಳ ಇಂಥ ಚಿಕಿತ್ಸೆಯಿಂದ ಸ್ವಾಭಿಮಾನ ಮತ್ತು ದೇಹದ ಕುರಿತ ಭಾವನೆ ಸುಧಾರಿಸಿದ್ದನ್ನು ಕಂಡಿತು. ಕೇವಲ 16 ಜನರ ಅಧ್ಯಯನವಾದ್ದರಿಂದ ಅದನ್ನು ಆರಂಭಿಕ ಸುಳಿವೆಂದಷ್ಟೇ ಗಣಿಸಬೇಕು.

ದಂಪತಿಗಳ ನಡುವೆ ತೊಡಕು ಇನ್ನೂ ಆಳದ್ದು. ನೋಯಿಸಬಾರದೆಂದು ಗಂಡ ಮಚ್ಚೆಯ ಮಾತನ್ನೇ ಎತ್ತುವುದಿಲ್ಲ. ಆ ಮೌನವನ್ನು ಹೆಂಡತಿ ಅಸಹ್ಯವೆಂದು ತಿಳಿಯುತ್ತಾಳೆ. ಆಕೆ ದೂರ ಸರಿದಾಗ ತಾನು ಬೇಡವಾದೆನೆಂದು ಅವನಿಗೆ ಅನಿಸುತ್ತದೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತನಾಡಿಸಿದಾಗ ಮಾತ್ರ ಈ ಗಂಟಿನ ಎರಡೂ ತುದಿಗಳು ಕಾಣುತ್ತವೆ.

ಮುಲಾಮು ಮತ್ತು ಬೆಳಕಿನ ಚಿಕಿತ್ಸೆಗಳಿಂದ ಹಲವರಿಗೆ ಬಣ್ಣ ಮರಳುತ್ತದೆ, ಆದರೆ ತಿಂಗಳುಗಟ್ಟಲೆ ಕಾಯಬೇಕು. ಮುಖ ಬೇಗ ಸ್ಪಂದಿಸಿದರೂ ಬೆರಳ ತುದಿಗಳು ಹಟಮಾರಿ. ಉಣ್ಣುವಾಗ, ಕೈ ಮುಗಿಯುವಾಗ, ಹಣ ಎಣಿಸಿ ಕೊಡುವಾಗ ಎಲ್ಲರಿಗೂ ಕಾಣುವುದು ಅವೇ. ಔಷಧ ಫಲ ಕೊಡುವವರೆಗೆ ಮನಸ್ಸಿನ ಮಾತು ಕಾಯಲಿ ಎನ್ನುವ ಬದಲು, ಚರ್ಮರೋಗ ತಜ್ಞರು ಮೊದಲ ಭೇಟಿಯಲ್ಲೇ ಒಂದು ಪ್ರಶ್ನೆ ಕೇಳಬಹುದು: ಈ ಮಚ್ಚೆ ಬಂದ ಮೇಲೆ ನೀವು ಎಲ್ಲೆಲ್ಲಿಗೆ ಹೋಗುವುದನ್ನು ಬಿಟ್ಟಿದ್ದೀರಿ?